ಯಕ್ಷಗಾನದ ಪುಂಡುವೇಷಕ್ಕೆ ಕಾರ್ಟೂನ್ ಕಳೆ: ರೆಂಡರ್ ಆದ ಮೇಲಿನ ಕೆಲಸದ ಅನುಭವ

ಅಭಿಮನ್ಯುವಿನ ಪುಂಡುವೇಷವನ್ನು (ಯಕ್ಷಗಾನದ ತರುಣ ವೀರನ ವೇಷ) ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತ್ರೀಡಿ ಪಾತ್ರವಾಗಿ ಕುಣಿಸಿ, ನೋಡಿದವರಿಗೆ ಕೈಯಲ್ಲಿ ಬಿಡಿಸಿದ ಕಾರ್ಟೂನಿನಂತೆ ಕಾಣುವ ಹಾಗೆ ಮಾಡುವ ಕೆಲಸ ಈಗಷ್ಟೇ ಮುಗಿದಿದೆ. ಕೇದಗೆ ಮುಂದಲೆ, ಭುಜಕೀರ್ತಿ, ಎದೆಕಟ್ಟು, ಕೆಂಪು-ಕಪ್ಪು ಚೌಕುಳಿಯ ಕಸೆ ಸೀರೆ, ಕಾಲಿಗೆ ಗೆಜ್ಜೆ. ಈ ವೇಷದಲ್ಲಿ ಖಾಲಿ ಜಾಗ ಎಂಬುದೇ ಇಲ್ಲ. ಕಾರ್ಟೂನ್ ಕಳೆ ಬರಬೇಕಾದರೆ ದೊಡ್ಡ ದೊಡ್ಡ ಚಪ್ಪಟೆ ಬಣ್ಣ, ಕೆಲವೇ ಗೆರೆ, ಎರಡೇ ಹಂತದ ನೆರಳು ಬೇಕು. ಎರಡಕ್ಕೂ ಹೊಂದಾಣಿಕೆ ತರುವುದೇ ಕೆಲಸದ ಮುಕ್ಕಾಲು ಪಾಲಾಯಿತು. ಇದೇ ದಾರಿ ಹಿಡಿಯುವವರಿಗೆ ಎಲ್ಲೆಲ್ಲಿ ಕಾಯಬೇಕು, ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಅನುಕೂಲ.

ಮೊದಲು ತೀರ್ಮಾನವಾಗಬೇಕಾದದ್ದು, ಕಾರ್ಟೂನ್ ಕಳೆಯನ್ನು ಮೆಟೀರಿಯಲ್‌ನಲ್ಲೇ (ಮೇಲ್ಮೈಯ ಬಣ್ಣ-ಹೊಳಪಿನ ಸೆಟ್ಟಿಂಗ್) ತರುವುದೋ ಅಥವಾ ರೆಂಡರ್ ಆದ ಮೇಲೆ, ಅಂದರೆ ಮಾಡೆಲ್‌ನಿಂದ ಚಿತ್ರ ತಯಾರಾದ ಮೇಲೆ, ಆ ಚಿತ್ರಗಳನ್ನು ತಿದ್ದಿ ಸೇರಿಸುವ ಕಾಂಪೊಸಿಟರ್‌ನಲ್ಲಿ ತರುವುದೋ ಎಂಬುದು. ಮೆಟೀರಿಯಲ್‌ನಲ್ಲಿ ತರಲು ‘ಶೇಡರ್ ಟು ಆರ್‌ಜಿಬಿ’ ನೋಡ್ (ಒಂದು ಕೆಲಸ ಮಾಡುವ, ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಇದೆ. ಅದರ ಮುಂದೆ, ಬೆಳಕಿನ ಮೌಲ್ಯವನ್ನು ಹಂತ ಹಂತದ ಬಣ್ಣವಾಗಿಸುವ ಕಲರ್ ರ‍್ಯಾಂಪ್ ಹಾಕಿದರೆ ಸಾಕು. ಆದರೆ ಅದು ಬ್ಲೆಂಡರ್‌ನ ವೇಗದ ರೆಂಡರ್ ಎಂಜಿನ್ ಆದ ಈವೀಯಲ್ಲಿ ಮಾತ್ರ ನಡೆಯುತ್ತದೆ, ಸೈಕಲ್ಸ್‌ನಲ್ಲಿ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ನೆರಳಿನ ಅಂಚನ್ನು ಕೂದಲೆಳೆಯಷ್ಟು ಸರಿಸಬೇಕಾದರೂ ಇಡೀ ಶಾಟ್ ಮತ್ತೆ ರೆಂಡರ್ ಆಗಬೇಕು. ಕಾಂಪೊಸಿಟರ್‌ನಲ್ಲಾದರೆ ಅದು ಸೆಕೆಂಡುಗಳ ಮಾತು. ಹಾಗಾಗಿ ನಾವು ಎರಡನೆಯದನ್ನು ಆರಿಸಿಕೊಂಡೆವು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಆಮೇಲೆ ಬೇಕಾಗುವ ಎಲ್ಲ ಮಾಹಿತಿಯೂ ರೆಂಡರ್ ಫೈಲಿನಲ್ಲಿ ಮೊದಲೇ ಕೂತಿರಬೇಕು. ಬಿಟ್ಟುಹೋದ ಪಾಸ್ (ಬೆಳಕು, ಬಣ್ಣ, ದೂರ ಹೀಗೆ ಒಂದೊಂದನ್ನೇ ಹಿಡಿದ ಪದರ) ಆಮೇಲೆ ಸಿಗುವುದಿಲ್ಲ.

ಮುಗಿದ ವಿಡಿಯೊ ಮೇಲೆ ಹಾಕುವ ಒಂದೇ ಗುಂಡಿಯ ‘ಕಾರ್ಟೂನ್’ ಎಫೆಕ್ಟ್‌ಗಳೂ ಇವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಆ ಹೆಸರಿನದೇ ಒಂದಿದೆ. ಈ ವೇಷಕ್ಕೆ ಅವು ಸಲ್ಲುವುದಿಲ್ಲ. ಅವು ನೋಡುವುದು ಬಣ್ಣದ ವ್ಯತ್ಯಾಸವನ್ನು ಮಾತ್ರ. ಸೀರೆಯ ಒಂದೊಂದು ಚೌಕಕ್ಕೂ ಗೆರೆ ಎಳೆಯುತ್ತವೆ, ಆದರೆ ಕೆಂಪು ಸೀರೆಯ ಮುಂದೆ ಬಂದ ಕೆಂಪು ತೋಳಪಟ್ಟಿಗೆ ಎಳೆಯುವುದಿಲ್ಲ. ಜೊತೆಗೆ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಗೆರೆ ಹುಟ್ಟಿ ಸಾಯುತ್ತದೆ. ಒಂದು ಫ್ರೇಮ್ ನಿಲ್ಲಿಸಿ ನೋಡಿದಾಗ ಚೆಂದ ಕಂಡದ್ದು ಓಡಿಸಿದ ಕೂಡಲೇ ನೊರೆಯಂತೆ ಕುದಿಯುತ್ತದೆ. ಈ ಇಡೀ ಕೆಲಸದಲ್ಲಿ ಯಾವ ಸೆಟ್ಟಿಂಗನ್ನೂ ಒಂದೇ ಫ್ರೇಮ್ ನೋಡಿ ಒಪ್ಪಬೇಡಿ. ಕನಿಷ್ಠ ಎರಡು ಸೆಕೆಂಡು, ಅಂದರೆ 48 ಫ್ರೇಮ್ ಓಡಿಸಿ ನೋಡಿ ಆಮೇಲೆ ಒಪ್ಪಿ.

ರೆಂಡರ್‌ಗೆ ಮುಂಚಿನ ತಯಾರಿ

ಬಳಸಿದ್ದು ಬ್ಲೆಂಡರ್ 4.2, ರೆಂಡರ್ ಎಂಜಿನ್ ಸೈಕಲ್ಸ್. ಕಾರ್ಟೂನಿಗೆ ಸೈಕಲ್ಸ್ ಯಾಕೆ, ನಿಧಾನವಲ್ಲವೇ ಎಂದು ಕೇಳುವವರಿದ್ದಾರೆ. ಲೈಟ್ ಪಾತ್ಸ್‌ನಲ್ಲಿ ಒಟ್ಟು ಬೌನ್ಸ್ (ಬೆಳಕು ಎಷ್ಟು ಸಲ ಪುಟಿಯುತ್ತದೆ ಎಂಬುದು) 0 ಮಾಡಿ, ಬೆಳಕಿಗೆ ಒಂದೇ ಸನ್ ಲ್ಯಾಂಪ್ ಇಟ್ಟು, ಅದರ ಆ್ಯಂಗಲ್ ಕೂಡ 0 ಮಾಡಿದರೆ ನಾಯ್ಸ್ (ಚುಕ್ಕೆ ಚುಕ್ಕೆ ಕಲೆ) ಹುಟ್ಟಲು ಕಾರಣವೇ ಉಳಿಯುವುದಿಲ್ಲ. ಆಗ ಸ್ಯಾಂಪಲ್ (ಒಂದು ಪಿಕ್ಸೆಲ್‌ಗೆ ಎಷ್ಟು ಸಲ ಬೆಳಕಿನ ಲೆಕ್ಕ ಎಂಬುದು) ಬೇಕಾಗುವುದು ಅಂಚು ನುಣುಪಾಗಲು ಮಾತ್ರ. 32 ಧಾರಾಳ. ನಾಯ್ಸ್ ಅಳಿಸುವ ಡಿನಾಯ್ಸರ್ ಪೂರ್ತಿ ಆಫ್ ಇರಲಿ. ಸನ್ ಬಲವನ್ನು 3.14 ಇಡಿ. ಹಾಗಿಟ್ಟರೆ ಬೆಳಕಿಗೆ ನೇರ ಮುಖ ಮಾಡಿದ ಮೇಲ್ಮೈಯ ಡಿಫ್ಯೂಸ್ ಡೈರೆಕ್ಟ್ (ದೀಪದಿಂದ ನೇರ ಬಿದ್ದು ಎಲ್ಲ ಕಡೆ ಚದುರುವ ಬೆಳಕು) ಮೌಲ್ಯ ಸುಮಾರು 1 ಬರುತ್ತದೆ, 60 ಡಿಗ್ರಿ ವಾಲಿದ ಕಡೆ 0.5 ಬರುತ್ತದೆ. ಮುಂದೆ ನೆರಳನ್ನು ಎಲ್ಲಿ ಕತ್ತರಿಸಬೇಕು ಎಂದು ಲೆಕ್ಕ ಹಾಕಲು ಇದು ಬಹಳ ಸುಲಭ.

ಗಟ್ಟಿ ಬೆಳಕು ಬಿದ್ದ ಕೂಡಲೇ ಮೊದಲ ತೊಡಕು ಎದುರಾಗುತ್ತದೆ. ಕೆನ್ನೆ, ತೋಳು, ಮೀನಖಂಡದ ಮೇಲೆ ಬೆಳಕು-ನೆರಳು ಸೇರುವ ಜಾಗದಲ್ಲಿ ನೆರಳು ಗರಗಸದ ಹಲ್ಲಿನಂತೆ ಕಾಣುತ್ತದೆ. ಮೆಶ್, ಅಂದರೆ ಪಾತ್ರದ ತ್ರೀಡಿ ಆಕಾರ, ನಿಜಕ್ಕೂ ಚಪ್ಪಟೆ ತುಂಡುಗಳಿಂದ ಆದದ್ದು. ಸ್ಮೂತ್ ಶೇಡಿಂಗ್ ಅದನ್ನು ನುಣುಪಾಗಿ ತೋರಿಸುತ್ತದೆ ಅಷ್ಟೆ. ನೆರಳಿನ ಲೆಕ್ಕ ಮಾತ್ರ ನಿಜವಾದ ತುಂಡುಗಳ ಮೇಲೇ ನಡೆಯುತ್ತದೆ. ಸಾಮಾನ್ಯ ರೆಂಡರ್‌ನಲ್ಲಿ ಕಣ್ಣಿಗೆ ಬೀಳದ ಈ ದೋಷ, ಬೆಳಕನ್ನು ಎರಡು ಹಂತಕ್ಕೆ ಕತ್ತರಿಸಿದಾಗ ಎದ್ದು ಕಾಣುತ್ತದೆ. ಪರಿಹಾರ ಎರಡು: ರೆಂಡರ್‌ನಲ್ಲಿ ಸಬ್‌ಡಿವಿಷನ್ (ತುಂಡುಗಳನ್ನು ಇನ್ನೂ ಸಣ್ಣದಾಗಿಸುವುದು) ಒಂದು ಹಂತ ಏರಿಸುವುದು, ಆಬ್ಜೆಕ್ಟ್ ಪ್ರಾಪರ್ಟಿಯ ಶೇಡಿಂಗ್ ವಿಭಾಗದಲ್ಲಿ ಶ್ಯಾಡೋ ಟರ್ಮಿನೇಟರ್‌ನ ಎರಡೂ ಆಫ್‌ಸೆಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದು. ಜಿಯೊಮೆಟ್ರಿ ಆಫ್‌ಸೆಟ್ 0.1ರಲ್ಲಿ ಇರುತ್ತದೆ. 0.2, 0.3 ಎಂದು ಏರಿಸುತ್ತ ಹೋಗಿ. ಹೆಚ್ಚಾದರೆ ಮೂಗಿನ ನೆರಳು ಮೂಗಿನಿಂದ ಬಿಟ್ಟುಹೋಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಚಿನ್ನದ ಆಭರಣಗಳದ್ದು ಬೇರೆಯೇ ಕಥೆ. ಮಾಡೆಲ್ ಮಾಡುವವರು ಸಹಜವಾಗಿ ಮೆಟಾಲಿಕ್ 1 ಇಟ್ಟಿರುತ್ತಾರೆ. ಲೋಹಕ್ಕೆ ಡಿಫ್ಯೂಸ್ ಎಂಬುದೇ ಇಲ್ಲ. ಡಿಫ್ಯೂಸ್ ಪಾಸ್‌ಗಳಿಂದ ಚಿತ್ರ ಕಟ್ಟುವಾಗ ಭುಜಕೀರ್ತಿ, ಎದೆಕಟ್ಟು, ಮುಂದಲೆಯ ಜರಿ ಎಲ್ಲವೂ ಕಪ್ಪು ಗುಂಡಿಗಳಾಗಿ ಬರುತ್ತವೆ. ಎಲ್ಲ ಚಿನ್ನದ ಮೆಟೀರಿಯಲ್‌ಗಳಲ್ಲೂ ಮೆಟಾಲಿಕ್ 0, ರಫ್‌ನೆಸ್ 0.35 ಮಾಡಿ, ಬೇಸ್ ಕಲರ್‌ಗೆ ಅರಿಶಿನದ ಹಳದಿ ಕೊಡಿ. ಹೊಳಪು ಗ್ಲಾಸಿ ಡೈರೆಕ್ಟ್ ಪಾಸ್‌ನಲ್ಲಿ ಬೇರೆಯಾಗಿ ಬರುತ್ತದೆ. ಅದನ್ನು ನಮಗೆ ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳಬಹುದು.

ವ್ಯೂ ಟ್ರಾನ್ಸ್‌ಫಾರ್ಮ್ (ಲೆಕ್ಕದ ಬಣ್ಣವನ್ನು ಪರದೆಗೆ ಹೊಂದಿಸುವ ಬಗೆ) ಬಗ್ಗೆ ಒಂದು ಮಾತು. ಬ್ಲೆಂಡರ್ 4.0ರಿಂದ ತಾನಾಗಿ ಬರುವುದು ಎಜಿಎಕ್ಸ್. ಫೋಟೊದಂಥ ಚಿತ್ರಕ್ಕೆ ಅದು ಒಳ್ಳೆಯದು, ಕಾರ್ಟೂನಿಗಲ್ಲ. ಕಸೆಯ ಕೆಂಪು ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ, ಬಿಳಿ ಬೂದಿಯಾಗುತ್ತದೆ. ‘ಸ್ಟ್ಯಾಂಡರ್ಡ್’ ಆರಿಸಿ. ಎಲ್ಲ ಪಾಸ್‌ಗಳನ್ನೂ ಉಳಿಸುವ ಇಎಕ್ಸ್‌ಆರ್ ಫೈಲಿಗೆ ಈ ಸೆಟ್ಟಿಂಗ್ ತಗಲುವುದಿಲ್ಲ, ಹಾಗಾಗಿ ಕಾಂಪೊಸಿಟ್ ಮಾಡುವ ಸೀನ್‌ನಲ್ಲೂ ಮರೆಯದೆ ಬದಲಿಸಬೇಕು.

ಉಳಿಸಿದ ಪಾಸ್‌ಗಳು ಇವು: ಕಂಬೈನ್ಡ್ (ಪೂರ್ತಿ ಚಿತ್ರ), ಮಿಸ್ಟ್ (ದೂರ), ನಾರ್ಮಲ್ (ಮೇಲ್ಮೈ ಮುಖ ಮಾಡಿದ ದಿಕ್ಕು), ಡಿಫ್ಯೂಸ್ ಡೈರೆಕ್ಟ್, ಡಿಫ್ಯೂಸ್ ಕಲರ್ (ಮೇಲ್ಮೈಯ ಬಣ್ಣ), ಗ್ಲಾಸಿ ಡೈರೆಕ್ಟ್, ಗೆರೆಗಾಗಿ ಒಂದು ಶೇಡರ್ ಎಒವಿ (ನಾವೇ ಮಾಡಿಕೊಳ್ಳುವ ಪಾಸ್), ಮತ್ತು ಮೆಟೀರಿಯಲ್ ಕ್ರಿಪ್ಟೊಮ್ಯಾಟ್. ದೂರ ತಿಳಿಯಲು ಝಡ್ ಬಿಟ್ಟು ಮಿಸ್ಟ್ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಸೈಕಲ್ಸ್‌ನ ಝಡ್ ಪಾಸ್‌ನ ಅಂಚು ನುಣುಪಾಗಿರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಮಿಸ್ಟ್ ನುಣುಪಾಗಿ ಬರುತ್ತದೆ, ಮೌಲ್ಯವೂ 0ಯಿಂದ 1ರ ಒಳಗೇ ಇರುತ್ತದೆ. ವರ್ಲ್ಡ್ ಸೆಟ್ಟಿಂಗ್‌ನಲ್ಲಿ ಮಿಸ್ಟ್‌ನ ಆರಂಭ, ಆಳ ಎರಡನ್ನೂ ಪಾತ್ರ ಓಡಾಡುವ ಜಾಗಕ್ಕೆ ಸರಿಯಾಗಿ ಇಡಿ.

ಕ್ರಿಪ್ಟೊಮ್ಯಾಟ್ ಎಂದರೆ ಪ್ರತಿ ಮೆಟೀರಿಯಲ್‌ಗೂ ಆಮೇಲೆ ಮಾಸ್ಕ್ (ಆ ಭಾಗವನ್ನಷ್ಟೇ ಆರಿಸುವ ಆಕಾರ) ತೆಗೆಯಲು ಬರುವಂಥ ಪಾಸ್. 2015ರಲ್ಲಿ ಸೈಆಪ್ ಸ್ಟುಡಿಯೊದವರು ಹೊರತಂದ ವಿಧಾನ ಅದು. ಅಂಕಿಗಳ ರೂಪದಲ್ಲಿ ಹೆಸರನ್ನೇ ಅಡಗಿಸಿಡುವುದರಿಂದ ಫೈಲ್ 32 ಬಿಟ್ ಪೂರ್ಣ ಫ್ಲೋಟ್ ಆಗಿಯೇ ಇರಬೇಕು. ಜಾಗ ಉಳಿಸಲು ಹಾಫ್ ಫ್ಲೋಟ್ ಆರಿಸಿದರೆ ಅಂಕಿ ಬದಲಾಗಿ ಮಾಸ್ಕ್ ಸಿಗುವುದೇ ಇಲ್ಲ. ಕಂಪ್ರೆಷನ್ ಕೂಡ ಝಿಪ್‌ನಂಥ ನಷ್ಟವಿಲ್ಲದ್ದೇ ಆಗಬೇಕು, ಡಿಡಬ್ಲ್ಯುಎಎ ಕೂಡದು. ಲೆವೆಲ್ಸ್ 6ರ ಬದಲು 4 ಮಾಡಿದರೆ ಒಂದು ಪದರ ಕಡಿಮೆಯಾಗುತ್ತದೆ. ಮೋಷನ್ ಬ್ಲರ್ ಇಲ್ಲದ ಶಾಟ್‌ಗಳಿಗೆ ಅಷ್ಟು ಸಾಕು. ಮೆಟೀರಿಯಲ್‌ಗಳಿಗೆ ಮೊದಲೇ ಅರ್ಥವಿರುವ ಹೆಸರಿಡಿ: ಮುಖ, ಕಣ್ಣು, ಚಿನ್ನ, ಕಸೆ, ಗೆಜ್ಜೆ. ‘ಮೆಟೀರಿಯಲ್ 017’ ಎಂಬಂಥ ಹೆಸರಿದ್ದರೆ ಕಾಂಪೊಸಿಟರ್‌ನಲ್ಲಿ ಹುಡುಕುವುದೇ ಕೆಲಸವಾಗುತ್ತದೆ.

ಈಗ ಜಾಗದ ಲೆಕ್ಕ. ರೆಂಡರ್ ಮಾಡಿದ್ದು 3840×2160ರಲ್ಲಿ. ಯಾಕೆ ಅಷ್ಟು ದೊಡ್ಡದು ಎಂಬುದು ಮುಂದೆ ಬರುತ್ತದೆ. ಒಂದು ಚಾನೆಲ್‌ಗೆ (ಪಾಸ್‌ನೊಳಗಿನ ಕೆಂಪು, ಹಸಿರಿನಂಥ ಒಂದು ಪದರ) ಸುಮಾರು 33 ಎಂಬಿ. ಮೇಲಿನ ಪಾಸ್‌ಗಳೆಲ್ಲ ಸೇರಿ 29 ಚಾನೆಲ್. ಕುಗ್ಗಿಸದಿದ್ದರೆ ಒಂದು ಫ್ರೇಮಿಗೆ 960 ಎಂಬಿ, ಒಂದು ನಿಮಿಷಕ್ಕೆ 1,440 ಫ್ರೇಮಿನಂತೆ 1.4 ಟಿಬಿ ಹತ್ತಿರ. ಝಿಪ್ ಕಂಪ್ರೆಷನ್ ಇದನ್ನು ಬಹಳ ಇಳಿಸುತ್ತದೆ. ಫಿಲ್ಮ್ ಟ್ರಾನ್ಸ್‌ಪರೆಂಟ್ ಆನ್ ಮಾಡಿ, ಅಂದರೆ ಹಿನ್ನೆಲೆ ಖಾಲಿ ಬಿಟ್ಟು, ಪಾತ್ರವನ್ನು ಮಾತ್ರ ರೆಂಡರ್ ಮಾಡಿದರೆ ಖಾಲಿ ಜಾಗ ಹೆಚ್ಚು ಕಡಿಮೆ ಏನನ್ನೂ ತಿನ್ನುವುದಿಲ್ಲ. ಆದರೂ ದೊಡ್ಡ ಡಿಸ್ಕ್ ಬೇಕೇ ಬೇಕು. ಸಾಫ್ಟ್‌ವೇರ್ ಎಲ್ಲ ಉಚಿತವಾದ್ದರಿಂದ ಖರ್ಚೆಂದು ಹೇಳುವುದಾದರೆ ಅದು ಡಿಸ್ಕಿಗೆ ಮತ್ತು ಕರೆಂಟ್ ಬಿಲ್ಲಿಗೆ. ಕೆಲಸ ನಡೆಯುತ್ತಿರುವ ಶಾಟ್ ಎಸ್‌ಎಸ್‌ಡಿಯಲ್ಲಿರಲಿ. ತಿರುಗುವ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಿಂದ ಇಷ್ಟು ದೊಡ್ಡ ಫೈಲ್ ಓದಿಸಿದರೆ ಪ್ರತಿ ಫ್ರೇಮಿಗೂ ಸುಮ್ಮನೆ ಕಾಯಬೇಕು.

ರೆಂಡರ್ ರಾತ್ರಿಯಿಡೀ ಓಡುತ್ತದೆ, ನಡುವೆ ಕರೆಂಟ್ ಹೋಗುತ್ತದೆ. ಔಟ್‌ಪುಟ್‌ನಲ್ಲಿ ‘ಓವರ್‌ರೈಟ್’ ತೆಗೆದು ‘ಪ್ಲೇಸ್‌ಹೋಲ್ಡರ್ಸ್’ ಹಾಕಿಟ್ಟರೆ ಮತ್ತೆ ಶುರು ಮಾಡಿದಾಗ ಆಗಿರುವ ಫ್ರೇಮ್‌ಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ: ಕರೆಂಟ್ ಹೋದ ಕ್ಷಣದಲ್ಲಿ ನಡೆಯುತ್ತಿದ್ದ ಫ್ರೇಮಿನ ಖಾಲಿ ಫೈಲ್ 0 ಬೈಟ್ ಆಗಿ ಉಳಿದಿರುತ್ತದೆ. ಬ್ಲೆಂಡರ್ ಅದನ್ನೂ ‘ಆಗಿದೆ’ ಎಂದೇ ಎಣಿಸುತ್ತದೆ. ಮತ್ತೆ ಶುರು ಮಾಡುವ ಮೊದಲು ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ 0 ಬೈಟಿನವುಗಳನ್ನು ಅಳಿಸಿ.

ಬೆಳಕನ್ನು ಕತ್ತರಿಸುವುದು

ಕಾರ್ಟೂನ್ ಕಳೆಯ ಜೀವ ಇಲ್ಲಿದೆ. ಬಣ್ಣ ಬಂದ ಚಿತ್ರವನ್ನು ಪೋಸ್ಟರೈಸ್ (ಕೆಲವೇ ಬಣ್ಣಕ್ಕೆ ಇಳಿಸುವುದು) ಮಾಡಬಾರದು, ಬೆಳಕನ್ನು ಮಾತ್ರ ಕತ್ತರಿಸಬೇಕು. ಡಿಫ್ಯೂಸ್ ಡೈರೆಕ್ಟ್ ಪಾಸ್‌ನಲ್ಲಿ ಮೇಲ್ಮೈಯ ಬಣ್ಣ ಇರುವುದಿಲ್ಲ, ಬಿದ್ದ ಬೆಳಕಷ್ಟೇ ಇರುತ್ತದೆ. ಅದನ್ನು ಕಲರ್ ರ‍್ಯಾಂಪ್‌ನಿಂದ ಎರಡು ಹಂತ ಮಾಡಿ, ಆಮೇಲೆ ಡಿಫ್ಯೂಸ್ ಕಲರ್‌ನಿಂದ ಗುಣಿಸಬೇಕು. ಹೀಗೆ ಮಾಡಿದಾಗ ಸೀರೆಯ ಚೌಕುಳಿ ಒಂದಿಷ್ಟೂ ಕೆಡದೆ, ನೆರಳು ಮಾತ್ರ ಚಪ್ಪಟೆಯಾಗಿ ಅದರ ಮೇಲೆ ಹಾಯುತ್ತದೆ. ಮೊದಲ ಸಲ ಪರದೆಯ ಮೇಲೆ ಇದನ್ನು ಕಂಡಾಗಿನ ಖುಷಿ ದೊಡ್ಡದು. ಪ್ಲಾಸ್ಟಿಕ್ ಗೊಂಬೆಯಂತಿದ್ದದ್ದು ಏಕಾಏಕಿ ಚಿತ್ರವಾಗುತ್ತದೆ.

ಹತ್ತಿರದಿಂದ ನೋಡಿದರೆ ಮಾತ್ರ ಪಾತ್ರದ ಸುತ್ತ, ಬೆಳಕಿರುವ ಕಡೆಯೂ, ಒಂದು ಪಿಕ್ಸೆಲ್ ಅಗಲದ ಕಪ್ಪು ಅಂಚು ಕಾಣುತ್ತದೆ. ಅದಕ್ಕೆ ಕಾರಣ ಹೀಗಿದೆ. ಅಂಚಿನ ಪಿಕ್ಸೆಲ್‌ನಲ್ಲಿ ಪಾತ್ರ ಶೇ 40ರಷ್ಟು ಮಾತ್ರ ಇದ್ದರೆ, ಅಲ್ಲಿನ ಡಿಫ್ಯೂಸ್ ಕಲರ್ ಕೂಡ ಅಷ್ಟಕ್ಕೇ ಇಳಿದಿರುತ್ತದೆ. ಕತ್ತರಿಸಿ ಗುಣಿಸಿದ ಚಿತ್ರದ ಆಲ್ಫಾ (ಪಿಕ್ಸೆಲ್‌ನಲ್ಲಿ ಪಾತ್ರ ಎಷ್ಟಿದೆ ಎಂಬ ಅಳತೆ) ಮಾತ್ರ ಪೂರ್ತಿ 1 ಇರುವುದರಿಂದ ಅದು ಕಪ್ಪಾಗಿ ಕಾಣುತ್ತದೆ. ಡಿಫ್ಯೂಸ್ ಡೈರೆಕ್ಟನ್ನು ಬಂದಂತೆಯೇ ರ‍್ಯಾಂಪ್‌ಗೆ ಕೊಡಿ. ಡಿಫ್ಯೂಸ್ ಕಲರ್ ಆಲ್ಫಾದೊಂದಿಗೆ ಗುಣಿಸಿಯೇ ಬಂದಿರುವುದರಿಂದ ಅದನ್ನು ಮುಟ್ಟಬೇಡಿ. ಕೊನೆಗೆ ಸೆಟ್ ಆಲ್ಫಾ ನೋಡ್‌ನಿಂದ ಮೂಲ ಆಲ್ಫಾ ಸೇರಿಸಿದರೆ ಕಪ್ಪು ಅಂಚು ಮಾಯ.

ಎರಡನೆಯದು, ನೆರಳಿನ ಅಂಚಿನ ಮೆಟ್ಟಿಲು. ರೆಂಡರ್‌ನಲ್ಲಿ ನುಣುಪಾಗಿದ್ದರೂ ಕತ್ತರಿಸಿದ ಮೇಲೆ ನುಣುಪು ಉಳಿಯುವುದಿಲ್ಲ, ಪಿಕ್ಸೆಲ್ ಒಂದೋ ಬೆಳಕು, ಇಲ್ಲವೇ ನೆರಳು. ರ‍್ಯಾಂಪನ್ನು ‘ಕಾನ್‌ಸ್ಟಂಟ್’ ಬದಲು ‘ಲಿನಿಯರ್’ ಮಾಡಿ, 0.46 ಮತ್ತು 0.50ರ ನಡುವೆ ಸಣ್ಣ ಇಳಿಜಾರು ಕೊಡಿ ಎಂದು ಹಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಬೆರಳಿನಂಥ ಸಣ್ಣ ದುಂಡು ಭಾಗದಲ್ಲಿ ಆ ಇಳಿಜಾರು ಒಂದೆರಡು ಪಿಕ್ಸೆಲ್‌ಗೆ ಮುಗಿಯುತ್ತದೆ, ಆದರೆ ಹಣೆ, ಎದೆಯಂಥ ಅಗಲ ಭಾಗದಲ್ಲಿ ಅದೇ ಇಳಿಜಾರು ಇಪ್ಪತ್ತು ಪಿಕ್ಸೆಲ್‌ಗೆ ಹರಡಿ ಮಸುಕಾಗುತ್ತದೆ. ಒಂದೇ ಪಾತ್ರದಲ್ಲಿ ಎರಡು ತರದ ನೆರಳು. ಕಾನ್‌ಸ್ಟಂಟ್ ಇಟ್ಟುಕೊಂಡು, ಬೇಕಾದದ್ದರ ಎರಡರಷ್ಟು ಅಗಲದಲ್ಲಿ ಕೆಲಸ ಮಾಡಿ, ರ‍್ಯಾಂಪ್ ಆದ ಮೇಲೆ ಕಾಂಪೊಸಿಟರ್‌ನ ಆ್ಯಂಟಿ-ಅಲಿಯಾಸಿಂಗ್ ನೋಡ್ (ಮೆಟ್ಟಿಲನ್ನು ನುಣುಪಾಗಿಸುವುದು) ಹಾಕುವುದೇ ಸರಿಯಾದ ದಾರಿ. 4ಕೆ (3840×2160) ರೆಂಡರ್ ಮಾಡಿದ್ದು ಇದಕ್ಕೇ.

ಮೂರನೆಯದು ಚಲಿಸುವಾಗ ಮಾತ್ರ ಗೊತ್ತಾಗುತ್ತದೆ. ಕಸೆಯ ಮಡಿಕೆಗಳಲ್ಲಿ ಸಣ್ಣ ಸಣ್ಣ ನೆರಳಿನ ಚೂರುಗಳು ಪ್ರತಿ ಫ್ರೇಮಿನಲ್ಲೂ ಹುಟ್ಟಿ ಮಾಯವಾಗಿ ಬಟ್ಟೆ ಮಿಣುಗುಟ್ಟುತ್ತದೆ. ಕತ್ತರಿಸುವ ಮೊದಲು ಬೆಳಕಿನ ಪಾಸನ್ನು ಗಾಸಿಯನ್ ಬ್ಲರ್‌ನಿಂದ 4ರಿಂದ 6 ಪಿಕ್ಸೆಲ್ ಮಸುಕು ಮಾಡಿ. ಚೂರುಗಳು ಕರಗಿ ದೊಡ್ಡ ನೆರಳಿಗೆ ಸೇರಿಕೊಳ್ಳುತ್ತವೆ, ನೆರಳಿನ ಮೂಲೆಗಳು ದುಂಡಾಗಿ ಕುಂಚದಿಂದ ಎಳೆದಂತೆ ಕಾಣುತ್ತವೆ. ಕೈಯಲ್ಲಿ ಬಿಡಿಸಿದ ಭಾವ ಬರುವುದು ಹೆಚ್ಚಾಗಿ ಈ ಒಂದು ನೋಡ್‌ನಿಂದಲೇ. ಬ್ಲರ್ ಮಾಡುವಾಗ ಬೆಳಕು ಮತ್ತು ಆಲ್ಫಾ ಎರಡನ್ನೂ ಒಂದೇ ಅಳತೆಯಲ್ಲಿ ಮಸುಕು ಮಾಡಿ, ಆಮೇಲೆ ಬೆಳಕನ್ನು ಆಲ್ಫಾದಿಂದ ಭಾಗಿಸಿ. ಇಲ್ಲದಿದ್ದರೆ ಕಪ್ಪು ಅಂಚು ಮತ್ತೆ ಬರುತ್ತದೆ.

ನೆರಳಿನ ಬಣ್ಣಕ್ಕೆ ಬರಿಯ ಬೂದು ಗುಣಿಸಿದರೆ ಪಾತ್ರ ಕೊಳೆಯಾದಂತೆ ಕಾಣುತ್ತದೆ. ಕಾಂಪೊಸಿಟರ್ ಲಿನಿಯರ್ ಮೌಲ್ಯದಲ್ಲಿ (ಪರದೆಯ ಹೊಳಪಲ್ಲ, ನಿಜವಾದ ಬೆಳಕಿನ ಪ್ರಮಾಣದಲ್ಲಿ) ನಡೆಯುವುದರಿಂದ 0.5 ಗುಣಿಸಿದರೂ ಪರದೆಯಲ್ಲಿ ಶೇ 73ರಷ್ಟು ಹೊಳಪು ಉಳಿದು ನೆರಳು ತೆಳುವಾಗುತ್ತದೆ. ನಾವು ಒಪ್ಪಿದ್ದು ಕೆಂಪು 0.42, ಹಸಿರು 0.30, ನೀಲಿ 0.45ರ ಆಸುಪಾಸು. ನೇರಳೆಗೆ ವಾಲಿದ ಈ ನೆರಳು ಕೆಂಪು ಮತ್ತು ಚಿನ್ನ ಎರಡಕ್ಕೂ ಹೊಂದಿತು. ಮುಖಕ್ಕೆ ಮಾತ್ರ ಬೇರೆ, ಇನ್ನಷ್ಟು ಕೆಂಪಗಿನದು.

ಮುಖ ಎಲ್ಲಕ್ಕಿಂತ ಕಷ್ಟ. ಮೂಗು, ತುಟಿ, ಕಣ್ಣುಗುಳಿಗಳಲ್ಲಿ ನೆರಳು ಮುರಿದು ಮುರಿದು ಬಂದು, ಮುಖವರ್ಣಿಕೆಯ ನಾಮ ಮತ್ತು ಕಣ್ಣಿನ ಕಾಡಿಗೆಯನ್ನು ಗಲೀಜು ಮಾಡುತ್ತದೆ. ಕ್ರಿಪ್ಟೊಮ್ಯಾಟ್‌ನಿಂದ ‘ಮುಖ’ ಮಾಸ್ಕ್ ತೆಗೆದು, ಅದರೊಳಗೆ ಥ್ರೆಶೋಲ್ಡನ್ನು (ಬೆಳಕು-ನೆರಳನ್ನು ಕತ್ತರಿಸುವ ಮಿತಿ) 0.5ರಿಂದ 0.2ಕ್ಕೆ ಇಳಿಸಿ. ಮುಖದ ಬಹುಭಾಗ ಬೆಳಕಿಗೆ ಬಂದು, ದವಡೆಯ ಕೆಳಗೆ ಮತ್ತು ಒಂದು ಪಕ್ಕದಲ್ಲಿ ಮಾತ್ರ ನೆರಳು ಉಳಿಯುತ್ತದೆ. ಅದೂ ಸಾಲದ ಹತ್ತಿರದ ಶಾಟ್‌ಗಳಿಗೆ ಮಾಡೆಲ್‌ನಲ್ಲೇ ತಿದ್ದಬೇಕು: ಡೇಟಾ ಟ್ರಾನ್ಸ್‌ಫರ್ ಮಾಡಿಫೈಯರ್‌ನಿಂದ ಒಂದು ನುಣುಪು ಗೋಳದ ನಾರ್ಮಲ್‌ಗಳನ್ನು ಮುಖಕ್ಕೆ ವರ್ಗಾಯಿಸಿದರೆ ನೆರಳು ಒಂದೇ ಬಳುಕಿನಲ್ಲಿ ಹಾಯುತ್ತದೆ. ಈ ಕೆಲಸ ರೆಂಡರ್‌ಗೆ ಮುಂಚೆ ಆಗಬೇಕಾದದ್ದರಿಂದ ಹತ್ತಿರದ ಶಾಟ್‌ಗಳ ಪಟ್ಟಿ ಮೊದಲೇ ಕೈಯಲ್ಲಿರಲಿ.

ಹಿಂಬದಿಯಿಂದ ಅಂಚಿಗೆ ಬೀಳುವ ಬೆಳಕು ಬೇಕಿದ್ದರೆ ಇನ್ನೊಂದು ಪಾಸ್ ಬೇಡ. ಮುಖ್ಯ ಸನ್‌ಗೆ ಶುದ್ಧ ಕೆಂಪು, ಹಿಂಬದಿಯದಕ್ಕೆ ಶುದ್ಧ ಹಸಿರು ಬಣ್ಣ ಕೊಡಿ. ಡಿಫ್ಯೂಸ್ ಡೈರೆಕ್ಟ್‌ನಲ್ಲಿ ಮೇಲ್ಮೈಯ ಬಣ್ಣ ಬೆರೆಯದ ಕಾರಣ, ಸೆಪರೇಟ್ ಕಲರ್ ನೋಡ್ ಹಾಕಿದರೆ ಕೆಂಪು ಚಾನೆಲ್‌ನಲ್ಲಿ ಮುಖ್ಯ ಬೆಳಕು, ಹಸಿರಿನಲ್ಲಿ ಹಿಂಬೆಳಕು ಬೇರೆ ಬೇರೆಯಾಗಿ ಸಿಗುತ್ತವೆ. ಎರಡಕ್ಕೂ ಪ್ರತ್ಯೇಕ ರ‍್ಯಾಂಪ್. ನೀಲಿಯಲ್ಲಿ ಇನ್ನೊಂದು ದೀಪಕ್ಕೂ ಜಾಗವಿದೆ. ಗ್ಲಾಸಿ ಡೈರೆಕ್ಟ್‌ನಲ್ಲೂ ಹೀಗೆಯೇ ಕೆಂಪು ಚಾನೆಲ್ ತೆಗೆದು, ಚಿನ್ನದ ಮಾಸ್ಕ್‌ನೊಳಗೆ ಕತ್ತರಿಸಿ, ಆ ಆಕಾರಕ್ಕೆ ತಿಳಿಹಳದಿ ತುಂಬಿದರೆ ಭುಜಕೀರ್ತಿ ಹೊಳೆಯುತ್ತದೆ.

ಗೆರೆಗಳು

ಬ್ಲೆಂಡರ್‌ನಲ್ಲಿ ಗೆರೆ ಎಳೆಯಲು ಫ್ರೀಸ್ಟೈಲ್, ಲೈನ್ ಆರ್ಟ್ ಎರಡೂ ಇವೆ. ಗೆರೆಯ ದಪ್ಪ-ಸಣ್ಣ ಚೆನ್ನಾಗಿ ಬರುತ್ತದೆ. ಆದರೆ ಅವು ಮೆಶ್‌ನ ಅಂಚುಗಳ ಲೆಕ್ಕ ಹಾಕುವುದರಿಂದ ಗೆಜ್ಜೆ, ಮಣಿ, ಜರಿ ತುಂಬಿದ ಈ ವೇಷಕ್ಕೆ ಒಂದೊಂದು ಫ್ರೇಮಿಗೂ ವಿಪರೀತ ಹೊತ್ತು ಹಿಡಿಯುತ್ತವೆ. ನಾವು ಪಾಸ್‌ಗಳಿಂದಲೇ ಗೆರೆ ತೆಗೆದೆವು. ಫಿಲ್ಟರ್ ನೋಡ್‌ನ ‘ಸೋಬೆಲ್’ (ಮೌಲ್ಯ ಥಟ್ಟನೆ ಬದಲಾಗುವ ಅಂಚನ್ನು ಹುಡುಕುವ ಬಗೆ) ಅದಕ್ಕೆ ಸಾಧನ.

ಮುಖ್ಯ ಗೆರೆಗಳೆಲ್ಲ ಎಒವಿಯಿಂದ. ಪ್ರತಿ ಮೆಟೀರಿಯಲ್‌ನಲ್ಲೂ ಎಒವಿ ಔಟ್‌ಪುಟ್ ನೋಡ್ ಇಟ್ಟು, ಒಂದೊಂದು ಭಾಗಕ್ಕೂ ಒಂದೊಂದು ಚಪ್ಪಟೆ ಬಣ್ಣ ಕೊಟ್ಟೆವು: ಮುಖಕ್ಕೆ ಕೆಂಪು, ಮುಂದಲೆಗೆ ನೀಲಿ, ಎದೆಕಟ್ಟಿಗೆ ಹಸಿರು, ಹೀಗೆ. ಅಕ್ಕಪಕ್ಕದ ಭಾಗಗಳ ಬಣ್ಣ ಆದಷ್ಟು ದೂರದ್ದಾಗಿರಬೇಕು. ಬಣ್ಣ ಬದಲಾಗುವಲ್ಲಿ ಸೋಬೆಲ್ ಗೆರೆ ಎಳೆಯುತ್ತದೆ. ಗೆರೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಪೂರ್ತಿ ನಮ್ಮ ಕೈಯಲ್ಲಿರುವುದೇ ಇದರ ದೊಡ್ಡ ಲಾಭ. ಎದೆಕಟ್ಟಿನ ಮೇಲಿನ ಮಣಿಗಳಿಗೆಲ್ಲ ಒಂದೇ ಬಣ್ಣ ಕೊಟ್ಟರೆ ಅವುಗಳ ನಡುವೆ ಗೆರೆಯೇ ಇರದು, ಹೊರ ಅಂಚಿಗೆ ಮಾತ್ರ ಬರುತ್ತದೆ. ತುಟಿಗಳ ನಡುವೆ, ಬೆರಳುಗಳ ನಡುವೆ ಗೆರೆ ಬೇಕಾದಲ್ಲಿ ವರ್ಟೆಕ್ಸ್ ಪೇಂಟ್‌ನಲ್ಲಿ ಬೇರೆ ಬಣ್ಣ ಹಚ್ಚಿ ಅದನ್ನೇ ಎಒವಿಗೆ ಕೊಡಬಹುದು.

ಒಂದೇ ಸೀರೆಯ ಮಡಿಕೆ ಇನ್ನೊಂದರ ಮುಂದೆ ಬಂದಾಗ ಎಒವಿ ಬಣ್ಣ ಒಂದೇ ಇರುವುದರಿಂದ ಗೆರೆ ಬರುವುದಿಲ್ಲ. ಅಲ್ಲಿಗೆ ಮಿಸ್ಟ್ ಮೇಲೆ ಇನ್ನೊಂದು ಸೋಬೆಲ್. ಮಡಿಕೆಯ ಮೊನಚು ತೋರಿಸಲು ನಾರ್ಮಲ್ ಮೇಲೆ ಮೂರನೆಯದು, ಆದರೆ ಕ್ರಿಪ್ಟೊಮ್ಯಾಟ್‌ನಿಂದ ಚಿನ್ನ ಮತ್ತು ಗೆಜ್ಜೆಯ ಜಾಗವನ್ನು ತೆಗೆದುಹಾಕಿ. ಇಲ್ಲದಿದ್ದರೆ ಆಭರಣಗಳು ಮಸಿಯಲ್ಲಿ ಅದ್ದಿದಂತಾಗುತ್ತವೆ. ಮೂರನ್ನೂ ಬೇರೆ ಬೇರೆ ಮಿತಿಯಲ್ಲಿ ಕತ್ತರಿಸಿ, ಮ್ಯಾತ್ ನೋಡ್‌ನ ‘ಮ್ಯಾಕ್ಸಿಮಮ್’ನಿಂದ ಸೇರಿಸಿ.

ಮೌಲ್ಯಗಳನ್ನು ಹದಕ್ಕೆ ತರಲು ನಾರ್ಮಲೈಸ್ ನೋಡ್ ಬಳಸಬೇಡಿ. ಅದು ಆಯಾ ಫ್ರೇಮಿನ ಕನಿಷ್ಠ-ಗರಿಷ್ಠ ನೋಡಿ ಅಳತೆ ಬದಲಿಸುತ್ತದೆ. ಪಾತ್ರ ಕೈ ಚಾಚಿದ ಕೂಡಲೇ ಇಡೀ ಚಿತ್ರದ ಗೆರೆ ತೆಳುವಾಗುತ್ತದೆ, ಕೈ ಮಡಚಿದರೆ ದಪ್ಪವಾಗುತ್ತದೆ. ಮ್ಯಾಪ್ ರೇಂಜ್‌ನಲ್ಲಿ ಅಂಕಿಗಳನ್ನು ಕೈಯಾರೆ ಬರೆದು, ಇಡೀ ಶಾಟ್‌ಗೆ ಅದೇ ಇಡಿ.

ಪಾಸ್‌ನಿಂದ ತೆಗೆದ ಗೆರೆ ಪಾತ್ರ ಹತ್ತಿರವಿದ್ದರೂ ದೂರವಿದ್ದರೂ ಅದೇ ಪಿಕ್ಸೆಲ್ ದಪ್ಪವಿರುತ್ತದೆ. ದೂರದ ಶಾಟ್‌ನಲ್ಲಿ ಮುಖ ಪೂರ್ತಿ ಕಪ್ಪು ಮುದ್ದೆಯಾಗುತ್ತದೆ. ಹಿಗ್ಗಿಸುವ ಡೈಲೇಟ್ ನೋಡ್‌ಗೆ ಪಿಕ್ಸೆಲ್ ಪಿಕ್ಸೆಲ್‌ಗೂ ಬೇರೆ ಅಳತೆ ಕೊಡಲು ಬರುವುದಿಲ್ಲ. ಹಾಗಾಗಿ ಎರಡು ಗೆರೆ ತಯಾರಿಸಿ: ಸೋಬೆಲ್‌ನಿಂದ ಬಂದಂತೆಯೇ ಇರುವ ತೆಳುವಿನದು, ಡೈಲೇಟ್ 1 ಕೊಟ್ಟ ದಪ್ಪದ್ದು. ಎರಡನ್ನೂ ಮಿಸ್ಟ್ ಮೌಲ್ಯದ ಪ್ರಕಾರ ಮಿಕ್ಸ್ ಮಾಡಿ. 4ಕೆ ಚಿತ್ರದಲ್ಲಿ 4-5 ಪಿಕ್ಸೆಲ್ ಗೆರೆ ಹತ್ತಿರಕ್ಕೆ, 2 ಪಿಕ್ಸೆಲ್ ದೂರಕ್ಕೆ ಹೊಂದುತ್ತದೆ.

ಗೆರೆಗೆ ಶುದ್ಧ ಕಪ್ಪು ಬೇಡ. ಒಳಗಿನ ಗೆರೆಗೆ ಡಿಫ್ಯೂಸ್ ಕಲರನ್ನೇ 0.1ರಿಂದ ಗುಣಿಸಿ ಕೊಟ್ಟರೆ ಕೆಂಪಿನ ಮೇಲೆ ಕಡುಗೆಂಪು, ಹಳದಿಯ ಮೇಲೆ ಕಂದು ಗೆರೆ ಬರುತ್ತದೆ. ಹೊರ ಅಂಚಿನ ಗೆರೆಯ ಅರ್ಧ ಭಾಗ ಪಾತ್ರದ ಹೊರಗೆ ಬೀಳುತ್ತದೆ, ಅಲ್ಲಿ ಡಿಫ್ಯೂಸ್ ಕಲರ್ ಇರುವುದಿಲ್ಲ. ಅದಕ್ಕೆ ಒಂದೇ ಕಡುಕಂದು ಬಣ್ಣ ಇಟ್ಟು, ಆಲ್ಫಾವನ್ನೂ ಗೆರೆಯ ಮಾಸ್ಕ್‌ನೊಂದಿಗೆ ಮ್ಯಾಕ್ಸಿಮಮ್ ಮಾಡಿಕೊಳ್ಳಿ. ಮಾಡದಿದ್ದರೆ ಹಿನ್ನೆಲೆಯ ಮೇಲೆ ಕೂರಿಸಿದಾಗ ಹೊರಗೆರೆ ಅರ್ಧ ಕತ್ತರಿಸಿಹೋಗುತ್ತದೆ.

ಕುಣಿತದ ಫ್ರೇಮ್‌ಗಳು

ಸೆಕೆಂಡಿಗೆ 24 ಫ್ರೇಮ್ ಇದ್ದರೂ ಕೈಯಲ್ಲಿ ಬಿಡಿಸುವವರು ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದು ಸೆಕೆಂಡಿಗೆ 12 ಚಿತ್ರ ಬಿಡಿಸುವುದು ರೂಢಿ. ತ್ರೀಡಿಯ ನುಣುಪು ಚಲನೆಯನ್ನು ಹಾಗೇ ಬಿಟ್ಟರೆ ಎಷ್ಟು ಗೆರೆ ಹಾಕಿದರೂ ಕಾರ್ಟೂನ್ ಅನ್ನಿಸುವುದಿಲ್ಲ. ಮುಗಿದ ವಿಡಿಯೊದಲ್ಲಿ ಫ್ರೇಮ್ ಬಿಡುವುದು ಸುಲಭ, ಆದರೆ ಆಗ ಕ್ಯಾಮೆರಾ ಕೂಡ ಜರ್ಕ್ ಹೊಡೆಯುತ್ತದೆ. ಪಾತ್ರವನ್ನು ಕುಣಿಸುವ ಮೂಳೆಗಳ ಎಫ್-ಕರ್ವ್‌ಗಳಿಗೆ (ಚಲನೆಯ ಗ್ರಾಫ್) ‘ಸ್ಟೆಪ್ಡ್ ಇಂಟರ್‌ಪೊಲೇಷನ್’ ಮಾಡಿಫೈಯರ್ ಹಾಕಿ ಸ್ಟೆಪ್ 2 ಕೊಡಿ, ಕ್ಯಾಮೆರಾಕ್ಕೆ ಬೇಡ. ಕ್ಯಾಮೆರಾ ಪಾತ್ರವನ್ನು ಹಿಂಬಾಲಿಸುವ ಶಾಟ್ ಆದರೆ ಪಾತ್ರದ ರೂಟ್ ಮೂಳೆಗೂ (ಇಡೀ ಪಾತ್ರವನ್ನು ಸರಿಸುವ ಮೂಳೆ) ಬೇಡ. ಇಲ್ಲದಿದ್ದರೆ ಪಾತ್ರ ಹಿಂದೆ ಮುಂದೆ ನಡುಗುತ್ತದೆ. ಕ್ಯಾಮೆರಾ, ರೂಟ್ ಎರಡೂ ನಿಂತಲ್ಲೇ ಇರುವ ಶಾಟ್‌ಗಳಲ್ಲಿ ಫ್ರೇಮ್ ಸ್ಟೆಪ್ 2 ಇಟ್ಟು ಅರ್ಧದಷ್ಟೇ ರೆಂಡರ್ ಮಾಡಿ. ಡಿಸ್ಕ್, ಸಮಯ ಎರಡೂ ಅರ್ಧ.

ಗಿರಕಿ ಹೊಡೆಯುವಾಗ, ಮಂಡಿ ಹಾಕುವಾಗ ಮಾತ್ರ ಈ ನಿಯಮ ನಡೆಯದು. ವೇಗ ಹೆಚ್ಚಿರುವುದರಿಂದ 12 ಚಿತ್ರಕ್ಕೆ ಸುತ್ತು ತುಂಡಾಗಿ ಕಾಣುತ್ತದೆ, ಚೆಂಡೆಯ ಪೆಟ್ಟಿಗೂ ಹೆಜ್ಜೆ ಹೊಂದುವುದಿಲ್ಲ. ಅಷ್ಟು ಭಾಗಕ್ಕೆ ಮಾಡಿಫೈಯರ್‌ನಲ್ಲಿ ಫ್ರೇಮ್ ಮಿತಿ ಹಾಕಿ ಪೂರ್ತಿ 24 ಬಿಡಿ. ಸುತ್ತುವಾಗ ಮುಖದ ಮೇಲೆ ನೆರಳು ಪಟಪಟನೆ ಬದಲಾಗುವುದೂ ಕಣ್ಣಿಗೆ ಚುಚ್ಚುತ್ತದೆ. ಬ್ಲೆಂಡರ್ 4.0ರಿಂದ ಸೈಕಲ್ಸ್‌ನಲ್ಲಿ ಲೈಟ್ ಲಿಂಕಿಂಗ್ ಇದೆ. ಮುಖಕ್ಕೆ ಮಾತ್ರ ಬೇರೊಂದು ಸನ್ ಲಿಂಕ್ ಮಾಡಿ, ಅದನ್ನು ತಲೆಯ ಮೂಳೆಗೆ ಅರೆಬರೆ ಕಟ್ಟಿದರೆ ನೆರಳು ನಿಧಾನವಾಗಿ ತಿರುಗುತ್ತದೆ.

ಹಿಮ್ಮೇಳದ ಹಾಡನ್ನು ಯಾವುದೋ ಆಟದ ರೆಕಾರ್ಡಿಂಗ್‌ನಿಂದ ತೆಗೆದುಕೊಳ್ಳುವ ಆಲೋಚನೆ ಇದ್ದವರು ಭಾಗವತರು, ಮದ್ದಳೆ-ಚೆಂಡೆಯವರು ಮತ್ತು ರೆಕಾರ್ಡ್ ಮಾಡಿದವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಲಾವಿದರ ಪ್ರದರ್ಶನದ ಹಕ್ಕಿಗೂ ಜಾಗವಿದೆ. ಅನಿಮೇಷನ್ ಶುರುವಾಗುವ ಮೊದಲೇ ಆ ಕಾಗದ ಕೈಗೆ ಬರಲಿ, ಯಾಕೆಂದರೆ ಹೆಜ್ಜೆಗಳೆಲ್ಲ ಅದೇ ತಾಳಕ್ಕೆ ಕೂರುತ್ತವೆ. ಹಾಡು ಬದಲಾದರೆ ಎಲ್ಲವೂ ಬದಲು.

ಹಿನ್ನೆಲೆ ಮತ್ತು ಕಡೆಯ ಹಂತ

ಹಿನ್ನೆಲೆಯನ್ನು ಬೇರೆ ರೆಂಡರ್ ಮಾಡಿ ಕುವಹಾರಾ ನೋಡ್‌ನ ‘ಆ್ಯನಿಸೊಟ್ರಾಪಿಕ್’ ಬಗೆ ಹಾಕಿದರೆ ಮರ, ಗೋಡೆ ಎಲ್ಲ ಕುಂಚದ ಬಣ್ಣದಂತಾಗುತ್ತವೆ. ಈ ನೋಡ್ ಬಂದದ್ದು 4.0ರಲ್ಲಿ. 4ಕೆಗೆ 8ರ ಸುತ್ತಿನ ಅಳತೆ ಸಾಕು, ಹೆಚ್ಚಿಸಿದಷ್ಟೂ ನಿಧಾನ. ಪಾತ್ರದ ಮೇಲೆ ಇದನ್ನು ಹಾಕಬೇಡಿ, ಗೆರೆ ಹರಿದುಹೋಗುತ್ತದೆ.

ಕಾಗದದ ಒರಟು ಅಥವಾ ಚುಕ್ಕಿಗಳ ಟೆಕ್ಸ್‌ಚರನ್ನು ಇಡೀ ಪರದೆಗೆ ಹೊದಿಸಿದರೆ ಪಾತ್ರ ಚಲಿಸುವಾಗ ಅದು ನಿಂತಲ್ಲೇ ನಿಂತು, ಕೊಳೆ ಗಾಜಿನ ಹಿಂದೆ ಕುಣಿತ ನೋಡಿದಂತಾಗುತ್ತದೆ. ಟ್ರಾನ್ಸ್‌ಲೇಟ್ ನೋಡ್‌ನ ಸ್ಥಾನಕ್ಕೆ ಕೀ ಹಾಕಿ, ಟೆಕ್ಸ್‌ಚರ್ ಪ್ರತಿ ಎರಡು ಫ್ರೇಮಿಗೊಮ್ಮೆ ಬೇರೆಡೆಗೆ ಜಿಗಿಯುವಂತೆ ಮಾಡಿ. ಬಲ ಶೇ 5ರ ಒಳಗಿರಲಿ. ಚಿನ್ನದ ಹೊಳಪಿನ ಮಾಸ್ಕ್‌ಗೆ ಮಾತ್ರ ಗ್ಲೇರ್ ನೋಡ್‌ನ ಫಾಗ್ ಗ್ಲೋ ಕೊಟ್ಟು ಗೆರೆಯ ಮೇಲಿಂದ ತೆಳುವಾಗಿ ಸೇರಿಸಿದರೆ ದೊಂದಿ ಬೆಳಕಿನ ಭಾವ ಬರುತ್ತದೆ.

ಕಾಂಪೊಸಿಟ್ ಆದದ್ದನ್ನು 16 ಬಿಟ್ ಪಿಎನ್‌ಜಿ ಸರಣಿಯಾಗಿ ಉಳಿಸಿ, ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್‌ನಲ್ಲಿ ಎಚ್.264 ವಿಡಿಯೊಗೆ ತಿರುಗಿಸಿದೆವು. ಸಿಆರ್‌ಎಫ್ (ಗುಣಮಟ್ಟದ ಅಂಕಿ) 16, ಪ್ರಿಸೆಟ್ ‘ಸ್ಲೋ’, ಟ್ಯೂನ್ ‘ಆ್ಯನಿಮೇಷನ್’. ಹಿನ್ನೆಲೆಯ ಆಕಾಶದಲ್ಲಿ ಪಟ್ಟಿ ಪಟ್ಟಿ ಕಂಡರೆ ಶೇ 1ರಷ್ಟು ಗ್ರೇನ್ (ಸಣ್ಣ ಚುಕ್ಕೆಗಳು) ಸೇರಿಸಿ. 1080ಕ್ಕೆ ಇಳಿಸುವುದಾದರೆ ಲ್ಯಾಂಕ್ಜೋಸ್ ಫಿಲ್ಟರ್ ಬಳಸಿ, ಗೆರೆ ಚೂಪಾಗಿ ಉಳಿಯುತ್ತದೆ. ಯೂಟ್ಯೂಬಿಗೆ ಮಾತ್ರ 4ಕೆಯನ್ನೇ ಏರಿಸಿ. ಈ ಫೈಲುಗಳಲ್ಲಿ ಬಣ್ಣದ ಮಾಹಿತಿ ಅಗಲ-ಎತ್ತರ ಎರಡರಲ್ಲೂ ಅರ್ಧದಷ್ಟೇ ಉಳಿಯುವುದರಿಂದ 1080ರಲ್ಲಿ ಕಡುಗೆಂಪು ತೆಳುಗೆರೆಗಳು ಕೊಚ್ಚಿಹೋಗುತ್ತವೆ.

ವಾಟ್ಸಾಪ್‌ನಲ್ಲಿ ಹಂಚುವ ತುಣುಕಿಗೆ ಬೇರೆ ಪ್ರತಿ ಬೇಕಾಯಿತು. ಅಲ್ಲಿ ವಿಡಿಯೊ ಮತ್ತೆ ಕುಗ್ಗುವುದರಿಂದ 2 ಪಿಕ್ಸೆಲ್ ಗೆರೆ ಮುರಿದುಹೋಗುತ್ತದೆ, ಚೌಕುಳಿ ಕಲಸಿಹೋಗುತ್ತದೆ. ರೆಂಡರ್ ಮುಟ್ಟದೆ, ತೆಳು-ದಪ್ಪ ಗೆರೆಗಳ ಮಿಕ್ಸ್ ಅನ್ನು ಪೂರ್ತಿ ದಪ್ಪದ ಕಡೆಗೆ ತಿರುಗಿಸಿ, ಬ್ಲರ್ ಅಳತೆಯನ್ನು 10ಕ್ಕೆ ಏರಿಸಿ ಕಾಂಪೊಸಿಟ್ ಮಾತ್ರ ಮತ್ತೊಮ್ಮೆ ಓಡಿಸಿದರೆ ಮೊಬೈಲ್ ಪರದೆಗೆ ಸರಿಹೋಗುತ್ತದೆ. ಹಾಗಾಗಿ ಎಲ್ಲ ಪ್ರತಿಗಳೂ ಹೊರಬೀಳುವವರೆಗೆ ಇಎಕ್ಸ್‌ಆರ್ ಫೈಲುಗಳನ್ನು ಅಳಿಸಬೇಡಿ.